ಗೂಡಿನ ಲೆಕ್ಕ ಪುಸ್ತಕದಲ್ಲಿ, ಕಾಯಿಲೆಯ ಲೆಕ್ಕ ನೆನಪಿನಲ್ಲಿ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಬಹಳಷ್ಟು ನಮ್ಮವರವು. ಗೂಡಿನ ಮಾರುಕಟ್ಟೆಗೆ ಹೋಗುವ ರೀಲರ್ ಗೂಡನ್ನು ಕೈಗೆತ್ತಿಕೊಂಡು, ಒತ್ತಿ, ಅಲ್ಲಾಡಿಸಿ ನೋಡಿ ಬೆಲೆ ಕಟ್ಟುತ್ತಾರೆ. ಕೈಗೆ ಇಪ್ಪತ್ತು ವರ್ಷದ ಅನುಭವವಿದ್ದರೂ ಅದೊಂದನ್ನೇ ನಂಬಿ ಕೂರುವುದಿಲ್ಲ. ಯಾವ ದಿನ ಯಾವ ಲಾಟು, ಎಷ್ಟು ಕಿಲೋ, ಏನು ದರ, ಅದರಿಂದ ಬಂದ ನೂಲೆಷ್ಟು, ಎಲ್ಲವೂ ಪುಸ್ತಕಕ್ಕೆ ಏರುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯಿತು ಎಂಬ ರೆಂಡಿಟ್ಟಾ ಲೆಕ್ಕವನ್ನು ಯಾರೂ ನೆನಪಿನ ಮೇಲೆ ಬಿಡುವುದಿಲ್ಲ. ಬಿಟ್ಟರೆ ತಿಂಗಳ ಕೊನೆಗೆ ನಷ್ಟ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ.

ಅದೇ ಮನೆಯ ಅಬ್ಬಾ ಅವರನ್ನು ಉಬ್ಬಸವೆಂದು ದವಾಖಾನೆಗೆ ಕರೆತಂದಾಗ ಮಾತು ಬೇರೆಯಾಗುತ್ತದೆ. ಎಷ್ಟು ದಿನದಿಂದ? "ಬಹಳ ದಿನ ಆಯ್ತು ಹಕೀಮ್ ಸಾಬ್." ಮೊದಲು ಏನು ತೆಗೆದುಕೊಂಡಿರಿ? "ಒಂದು ಬಿಳಿ ಮಾತ್ರೆ, ಒಂದು ಸಣ್ಣದು." ಅದರಿಂದ ಗುಣ ಕಂಡಿತೇ? "ಏನೂ ಆಗಲಿಲ್ಲ." ಎಷ್ಟು ದಿನ ತೆಗೆದುಕೊಂಡಿರಿ? ಇಲ್ಲಿಗೆ ಬಂದಾಗ ಅಪ್ಪ ಒಂದು ಹೇಳಿದರೆ ಮಗ ಇನ್ನೊಂದು ಹೇಳುತ್ತಾರೆ. ಕೈಸಾಲವನ್ನು ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಎಂಬ ಅಪ್ಪಣೆಯನ್ನು ಸೂರಃ ಅಲ್ ಬಕರಾದಲ್ಲಿ ಓದಿದ ನಾವು ಔಷಧಿಯ ವಿಷಯದಲ್ಲಿ ಮಾತ್ರ ಎಲ್ಲವನ್ನೂ ನೆನಪಿಗೆ ಒಪ್ಪಿಸಿಬಿಟ್ಟಿದ್ದೇವೆ. ಯಾವ ಮಾತ್ರೆ ನಿಲ್ಲಿಸಬೇಕು, ಯಾವ ಡಾಕ್ಟರ ಬಳಿ ಹೋಗಬೇಕು, ಆಪರೇಷನ್ ಬೇಕೋ ಬೇಡವೋ ಎಂಬ ದೊಡ್ಡ ತೀರ್ಮಾನಗಳೆಲ್ಲ ಈ ನೆನಪಿನ ಮೇಲೆಯೇ ನಿಂತಿರುತ್ತವೆ. ಆ ನೆನಪು ಎಷ್ಟು ಗಟ್ಟಿ ಎಂಬುದನ್ನು ಮನಶ್ಶಾಸ್ತ್ರಜ್ಞರು ನೂರಕ್ಕೂ ಹೆಚ್ಚು ವರ್ಷಗಳಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ನಮ್ಮ ಮನೆಗಳಿಗೆ ಬೇಕಾದುದನ್ನು ಇಲ್ಲಿ ಹೇಳುತ್ತೇನೆ.

ಪರೀಕ್ಷೆಯ ದಿನಗಳು ಹತ್ತಿರ ಬಂದರೆ ತಾಯಂದಿರು ಬಂದು, ಮಗುವಿಗೆ ನೆನಪಿನ ಶಕ್ತಿಗೆ ಖಮೀರಾ ಕೊಡಿ ಎನ್ನುತ್ತಾರೆ. ಖಮೀರಾ ಗಾವ್‌ಜಬಾನ್ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಮರೆವು ನಮಗೆ ಗೊತ್ತಾಗುವ ತೊಂದರೆ, ಆದ್ದರಿಂದ ಅದಕ್ಕೆ ಔಷಧಿ ಹುಡುಕುತ್ತೇವೆ. ತಪ್ಪಾಗಿ ನೆನಪಿರುವುದು ನಮಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ತಪ್ಪು ನೆನಪೂ ಸರಿಯಾದ ನೆನಪಿನಷ್ಟೇ ಸ್ಪಷ್ಟವಾಗಿ ಕಾಣುತ್ತದೆ. (ವಯಸ್ಸಾದವರು ಮನೆಯ ದಾರಿ ಮರೆಯುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಕಾಯಿಲೆಯ ಲಕ್ಷಣ. ಅವರನ್ನು ಜಿಲ್ಲಾ ಆಸ್ಪತ್ರೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ತೋರಿಸಿ. ಇಲ್ಲಿನ ಮಾತು ಆರೋಗ್ಯವಂತರ ನೆನಪಿನದು.)

ನಮ್ಮ ತಿಬ್ಬಿನ ಉಸ್ತಾದರಾದ ಇಬ್ನ್ ಸೀನಾ ಮನಸ್ಸಿನ ಒಳ ಇಂದ್ರಿಯಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿ, ನೆನಪನ್ನು ಕಾಯುವ 'ಹಾಫಿಜಾ'ವನ್ನು ಮೆದುಳಿನ ಹಿಂಭಾಗದಲ್ಲಿ ಇಟ್ಟರು. ರೂಪಗಳನ್ನು ಕೂಡಿಸಿ ಬಿಡಿಸುವ ಕಲ್ಪನಾ ಶಕ್ತಿಯನ್ನು ಮಧ್ಯದಲ್ಲಿ ಇಟ್ಟರು. ಆ ಜಾಗಗಳು ಇಂದಿನ ಅಂಗರಚನೆಗೆ ಹೊಂದುವುದಿಲ್ಲ. ಆದರೆ ಇವೆರಡರ ನಡುವೆ ಹೊಸ ವಿಜ್ಞಾನ ಹಾಕಿದ ಗೋಡೆ ಅವರು ಎಣಿಸಿದ್ದಕ್ಕಿಂತ ತೆಳ್ಳಗಿದೆ. 1932ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಬಾರ್ಟ್ಲೆಟ್, ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ತಮ್ಮವರಿಗೆ ಓದಿಸಿ ಕೆಲವು ಕಾಲದ ನಂತರ ಹೇಳಿಸಿದ ಪ್ರಯೋಗವನ್ನು ಪ್ರಕಟಿಸಿದರು. ಅವರಿಗೆ ಅರ್ಥವಾಗದ ಭಾಗಗಳು ಬಿಟ್ಟುಹೋಗಿದ್ದವು, ಉಳಿದದ್ದು ಅವರ ಊರಿನ ರೀತಿಗೆ ತಿರುಗಿತ್ತು. ಅಲ್ಲಿನ ವಿಶೇಷ ದೋಣಿ ಸಾಮಾನ್ಯ ದೋಣಿಯಾಗಿತ್ತು. ನೆನಪಿಸಿಕೊಳ್ಳುವಾಗ ನಾವು ಪೆಟ್ಟಿಗೆಯಿಂದ ವಸ್ತು ತೆಗೆಯುವುದಿಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುತ್ತೇವೆ.

ಕಟ್ಟುವಾಗ ಪಕ್ಕದಲ್ಲಿ ನಿಂತವರ ಮಾತೂ ಸೇರಿಬಿಡುತ್ತದೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕೆಲವರಿಗೆ "ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗ ಎಷ್ಟಿತ್ತು" ಎಂದು, ಕೆಲವರಿಗೆ "ತಾಗಿದಾಗ" ಎಂಬಂಥ ಸೌಮ್ಯ ಪದ ಬಳಸಿ ಕೇಳಿದರು. ಒಂದು ವಾರದ ನಂತರ, ಒಡೆದ ಗಾಜು ಕಂಡಿತ್ತೇ ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ 'ಅಪ್ಪಳಿಸಿದ' ಎಂದು ಕೇಳಿಸಿಕೊಂಡ 50 ಮಂದಿಯಲ್ಲಿ 16 ಮಂದಿ ಕಂಡೆವು ಎಂದರು. ಸೌಮ್ಯ ಪದ ಕೇಳಿದ 50ರಲ್ಲಿ ಹಾಗೆಂದವರು 7 ಮಂದಿ. ಕ್ಲಿನಿಕ್ಕಿನಲ್ಲಿ ರೋಗಿ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದವರು "ಊಟ ಆದಮೇಲೆ ತಾನೇ ಅಮ್ಮೀ ನೋವು ಬರೋದು?" ಎಂದರೆ ಅಮ್ಮಿ ಹೌದೆಂದು ತಲೆಯಾಡಿಸುತ್ತಾರೆ. ಮುಂದಿನ ಸಲ ಅವರಿಗೆ ನಿಜವಾಗಿಯೂ ಹಾಗೆಯೇ ನೆನಪಿರುತ್ತದೆ. ರೋಗಿಯೇ ಮೊದಲು ಮಾತಾಡಲಿ, ನೀವು ಆಮೇಲೆ ಸೇರಿಸಿ.

ಇನ್ನು ಮರೆಯುವುದರ ಲೆಕ್ಕ. ವೈದ್ಯರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80 ಭಾಗ ಅಲ್ಲಿಂದ ಎದ್ದ ಕೂಡಲೇ ಮರೆತುಹೋಗುತ್ತದೆ, ನೆನಪಿನಲ್ಲಿ ಉಳಿದುದರಲ್ಲೂ ಅರ್ಧದಷ್ಟು ತಪ್ಪಿರುತ್ತದೆ ಎಂದು 2003ರಲ್ಲಿ ನೆದರ್ಲೆಂಡ್ಸ್‌ನ ರಾಯ್ ಕೆಸೆಲ್ಸ್ ಹಲವು ಅಧ್ಯಯನಗಳನ್ನು ಸೇರಿಸಿ ಬರೆದರು. ಗಾಬರಿಯಲ್ಲಿರುವವರಿಗೂ ವಯಸ್ಸಾದವರಿಗೂ ಇದು ಹೆಚ್ಚು. ಇದಕ್ಕೆ ಖರ್ಚಿಲ್ಲದ ಉಪಾಯವಿದೆ: ಎದ್ದು ಹೋಗುವ ಮುಂಚೆ ವೈದ್ಯರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಅವರಿಗೇ ತಿರುಗಿ ಹೇಳಿ. "ಇದು ಬೆಳಿಗ್ಗೆ ಖಾಲಿ ಹೊಟ್ಟೆಗೆ, ಇದು ರಾತ್ರಿ, ಹತ್ತು ದಿನ ಆದಮೇಲೆ ಬರಬೇಕು, ಅಲ್ವಾ?" ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಬೇಸರಪಡುವುದಿಲ್ಲ. ಬೇಸರಪಟ್ಟರೂ ಕೇಳಿ.

ಈಗ ಮಂಡಿ ನೋವಿಗೆ ಬರೋಣ, ನಮ್ಮ ಜಿಲ್ಲೆಯ ದವಾಖಾನೆಗಳಲ್ಲಿ ಅದಿಲ್ಲದ ದಿನವಿಲ್ಲ. ಮೋಡ ಕವಿದರೆ ಮಂಡಿ ಹಿಡಿಯುತ್ತದೆ ಎಂದು ನಾನಿ, ದಾದಿಯರು ಹೇಳುವುದನ್ನು ಕೇಳದವರು ಯಾರು? 1996ರಲ್ಲಿ ಡೊನಾಲ್ಡ್ ರೆಡೆಲ್‌ಮಯರ್ ಎಂಬ ವೈದ್ಯರು ಮತ್ತು ಅಮೋಸ್ ಟ್ವರ್ಸ್‌ಕಿ ಎಂಬ ಮನಶ್ಶಾಸ್ತ್ರಜ್ಞರು 18 ಸಂಧಿವಾತದ ರೋಗಿಗಳನ್ನು 15 ತಿಂಗಳು ಹಿಂಬಾಲಿಸಿ, ತಿಂಗಳಿಗೆರಡು ಸಲ ನೋವನ್ನು ದಾಖಲಿಸಿ, ಅದೇ ದಿನಗಳ ಹವಾಮಾನದ ಪಕ್ಕದಲ್ಲಿಟ್ಟರು. ರೋಗಿಗಳಲ್ಲಿ ಹೆಚ್ಚಿನವರಿಗೆ ನೋವಿಗೂ ಹವೆಗೂ ಸಂಬಂಧವಿದೆ ಎಂಬ ಗಟ್ಟಿ ನಂಬಿಕೆ ಇತ್ತು. ಲೆಕ್ಕದಲ್ಲಿ ಸಂಬಂಧ ಹೆಚ್ಚುಕಡಿಮೆ ಸೊನ್ನೆ ಬಂತು.

ಹೀಗೇಕೆ? ನಾಲ್ಕು ಬಗೆಯ ದಿನಗಳಿವೆ ಎಂದುಕೊಳ್ಳಿ. ಮೋಡವಿದ್ದು ನೋವಿದ್ದ ದಿನ, ಮೋಡವಿದ್ದು ನೋವಿಲ್ಲದ ದಿನ, ಬಿಸಿಲಿದ್ದು ನೋವಿದ್ದ ದಿನ, ಬಿಸಿಲಿದ್ದು ನೋವಿಲ್ಲದ ದಿನ. ಮೋಡವೂ ನೋವೂ ಒಟ್ಟಿಗೆ ಬಂದ ದಿನ ಬಾಯಿಗೆ ಬರುತ್ತದೆ: "ನೋಡಿ, ನಾನು ಹೇಳಿರಲಿಲ್ವಾ?" ಉಳಿದ ಮೂರು ಬಗೆಯ ದಿನಗಳಲ್ಲಿ ಹೇಳುವುದಕ್ಕೆ ಏನೂ ಇಲ್ಲ, ಆದ್ದರಿಂದ ಅವು ನೆನಪಿನಲ್ಲಿ ಉಳಿಯುವುದಿಲ್ಲ. ಸಂಬಂಧ ಇದೆಯೋ ಇಲ್ಲವೋ ತಿಳಿಯಬೇಕಾದರೆ ನಾಲ್ಕನ್ನೂ ಎಣಿಸಬೇಕು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 2,658 ಮಂದಿ ತಮ್ಮ ನೋವನ್ನು ದಿನವೂ ಮೊಬೈಲಿನಲ್ಲಿ ಗುರುತಿಸಿದರು. ಗಾಳಿಯಲ್ಲಿ ತೇವ ಹೆಚ್ಚಿದ ದಿನಗಳಲ್ಲಿ ನೋವು ತುಸು ಹೆಚ್ಚು ಎಂದು ಅಲ್ಲಿ ಕಂಡಿತು. ಹಾಗಾದರೆ ದಾದಿಯ ಮಾತಿನಲ್ಲಿ ಒಂದಿಷ್ಟು ಹುರುಳಿರಬಹುದು. ಆದರೆ ಆ ಹುರುಳು ಎಷ್ಟು ಚಿಕ್ಕದು ಎಂಬುದನ್ನು ದಿನದಿನದ ಬರಹ ಹೇಳಿತು, ನೆನಪು ಹೇಳಲಿಲ್ಲ.

ಮೋಡವನ್ನು ದೂರುವುದರಿಂದ ನಷ್ಟವೇನು ಎನ್ನಬಹುದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಷ್ಟವಿದೆ. ಇಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹಲವು ಹಳ್ಳಿಗಳಲ್ಲಿ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಕಲೆ ಬೀಳುತ್ತದೆ, ದೊಡ್ಡವರಲ್ಲಿ ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಎಲ್ಲ ಮಂಡಿ ನೋವೂ ಇದರಿಂದಲೇ ಅಲ್ಲ. ಆದರೆ ಮೋಡ ಕಣ್ಣಿಗೆ ಕಾಣುತ್ತದೆ, ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಬಂದ ದಿನವೆಂಬುದೂ ಇಲ್ಲ. ಆದ್ದರಿಂದ ನೆನಪು ಅದರ ಮೇಲೆ ದೂರು ಹಾಕುವುದೇ ಇಲ್ಲ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದ ನೀರಿನಷ್ಟು ಅದು ಗಟ್ಟಿಯಾಗುತ್ತದೆ. ಮನೆಯಲ್ಲಿ ಇಬ್ಬರು ಮೂವರಿಗೆ ಕೀಲು ನೋವಿದ್ದು ಮಕ್ಕಳ ಹಲ್ಲಿನಲ್ಲಿ ಕಲೆಯಿದ್ದರೆ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಆರ್.ಓ. ನೀರಿನ ಘಟಕವಿದ್ದರೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಅದನ್ನೇ ಬಳಸಿ.

ಮಂಡಿ ನೋವಿನಂಥ ಕಾಯಿಲೆಗಳಲ್ಲಿ ಇನ್ನೊಂದು ಸಿಕ್ಕಿದೆ. ಅವು ಏರುತ್ತವೆ, ಇಳಿಯುತ್ತವೆ. ನೀವು ವೈದ್ಯರ ಬಳಿ ಬರುವುದು ಯಾವಾಗ? ತಡೆಯಲಾಗದಷ್ಟು ಏರಿದಾಗ. ತುತ್ತತುದಿಗೆ ಏರಿದ್ದು ಏನೂ ಮಾಡದಿದ್ದರೂ ಸಾಮಾನ್ಯವಾಗಿ ಇಳಿಯುತ್ತದೆ. ಆ ವಾರ ನೀವು ಏನು ತೆಗೆದುಕೊಂಡಿದ್ದರೂ, ನನ್ನ ಮಾಜೂನ್ ಇರಲಿ, ಇಂಗ್ಲಿಷ್ ಮಾತ್ರೆ ಇರಲಿ, ಸಂತೆಯಲ್ಲಿ ಮಾರುವ ಎಣ್ಣೆ ಇರಲಿ, ಗುಣವಾದ ಕೀರ್ತಿ ಅದಕ್ಕೇ ಹೋಗುತ್ತದೆ. ಎಲ್ಲ ಪದ್ಧತಿಯ ವೈದ್ಯರೂ ಈ ಪುಕ್ಕಟೆ ಕೀರ್ತಿಯಲ್ಲಿ ಪಾಲು ಪಡೆದವರೇ. ಅಬೂಬಕರ್ ರಾಝಿ (865-925) ಇದನ್ನು ಸಾವಿರ ವರ್ಷಗಳ ಹಿಂದೆಯೇ ಗ್ರಹಿಸಿದ್ದರು. ಸರ್ಸಾಮ್, ಅಂದರೆ ಮೆದುಳಿನ ಪೊರೆಯ ಉರಿಯೂತದ ಮುನ್ಸೂಚನೆಯಿದ್ದ ಒಂದು ಗುಂಪಿಗೆ ರಕ್ತ ತೆಗೆದು, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ಹೋಲಿಸಿದ್ದನ್ನು ಅವರ 'ಅಲ್ ಹಾವೀ' ಗ್ರಂಥದಲ್ಲಿ ಕಾಣಬಹುದು. ರಕ್ತ ತೆಗೆಯುವ ಆ ಚಿಕಿತ್ಸೆಯನ್ನು ಇಂದು ಆ ಕಾಯಿಲೆಗೆ ಯಾರೂ ಮಾಡಬಾರದು, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ ನೇರ ಆಸ್ಪತ್ರೆಗೆ ಓಡಬೇಕು. ನಾವು ಉಳಿಸಿಕೊಳ್ಳಬೇಕಾದದ್ದು ಹೋಲಿಸುವ ಆ ರೀತಿಯನ್ನು. ಇಬ್ನ್ ಸೀನಾ ಕೂಡ 'ಅಲ್ ಕಾನೂನ್'ನಲ್ಲಿ ಔಷಧಿ ಪರೀಕ್ಷೆಯ ನಿಯಮಗಳನ್ನು ಹೇಳುತ್ತ, ಪರಿಣಾಮ ಯಾವಾಗಲೂ ಅಥವಾ ಹೆಚ್ಚಿನವರಲ್ಲಿ ಕಾಣಬೇಕು, ಇಲ್ಲದಿದ್ದರೆ ಅದು ಆಕಸ್ಮಿಕ ಎಂದಿದ್ದಾರೆ. ಯುನಾನಿ ಹೆಸರಿನಲ್ಲಿ "ನಮ್ಮ ಚಿಚ್ಚಾಗೆ ಗುಣವಾಯ್ತು" ಎಂಬುದನ್ನೇ ಪುರಾವೆ ಮಾಡಿ ಮಾರುವವರು ಈ ಇಬ್ಬರನ್ನೂ ಓದಿಲ್ಲ.

ನೋವಿನ ನೆನಪಿಗೆ ತನ್ನದೇ ಒಂದು ಚಾಳಿಯಿದೆ. 1993ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಜನರ ಕೈಯನ್ನು 14 ಡಿಗ್ರಿ ತಣ್ಣನೆಯ ನೀರಿನಲ್ಲಿ ಒಂದು ನಿಮಿಷ ಇಡಿಸಿದರು. ಇನ್ನೊಂದು ಸಲ ಅದೇ ಒಂದು ನಿಮಿಷದ ಮೇಲೆ ಇನ್ನೂ 30 ಸೆಕೆಂಡು, ಆದರೆ ಆ ಕೊನೆಯ ಹೊತ್ತಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿದರು! ಒಟ್ಟು ನೋವು ಅದರಲ್ಲೇ ಹೆಚ್ಚು, ಆದರೆ ಕೊನೆ ಹಿತವಾಗಿತ್ತು. ನೆನಪು ಉಳಿಸಿಕೊಳ್ಳುವುದು ನೋವಿನ ತುದಿಯನ್ನು ಮತ್ತು ಕೊನೆಯನ್ನು. ಎಷ್ಟು ಹೊತ್ತು ಇತ್ತು ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ.

ಹೆಸರಿಲ್ಲದ ಪುಡಿ ಪೊಟ್ಟಣಗಳ ಗುಟ್ಟು ಇಲ್ಲಿದೆ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು. ಎರಡೇ ದಿನದಲ್ಲಿ ಉಬ್ಬಸ, ಕೀಲು ನೋವು ಎದ್ದು ಹೋದಂತೆ ಅನಿಸುತ್ತದೆ. ಕೊನೆ ಹಿತವಾಗಿರುವುದರಿಂದ ನೆನಪು ಅದನ್ನು ಹೊಗಳುತ್ತದೆ. ತಿಂಗಳುಗಳ ನಂತರ ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾದಾಗ ಅದನ್ನೂ ಪುಡಿಯನ್ನೂ ಜೋಡಿಸುವವರು ಯಾರು? ತಿಂಗಳುಗಟ್ಟಲೆ ಅಂಥ ಪುಡಿ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಪೊಟ್ಟಣ ಹಿಡಿದುಕೊಂಡು ವೈದ್ಯರ ಬಳಿ ಹೋಗಿ.

ರಮಝಾನ್‌ನ ವಿಷಯವೂ ಹೀಗೆಯೇ. ಸಕ್ಕರೆ ಕಾಯಿಲೆಯವರನ್ನು ಈ ವರ್ಷ ರೋಜಾ ಹಿಡಿಯಬಹುದೇ ಎಂದು ಕೇಳಿದರೆ "ಹೋದ ವರ್ಷ ಏನೂ ಆಗಲಿಲ್ಲ" ಎನ್ನುತ್ತಾರೆ. ರೋಜಾದ ದಿನ ಮುಗಿಯುವುದು ಇಫ್ತಾರ್‌ನಲ್ಲಿ, ಮನೆಮಂದಿಯ ನಡುವೆ, ಖರ್ಜೂರ ಶರಬತ್ತಿನೊಂದಿಗೆ. ಅಸರ್ ಹೊತ್ತಿಗೆ ಕೈ ನಡುಗಿ, ಬೆವರು ಬಂದು, ಕಣ್ಣು ಮಂಜಾಗಿದ್ದು ಆ ಹಿತದ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹೋದ ವರ್ಷದ ಮಾತು ಬೇಡ. ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಂಡು ಔಷಧಿಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಿ. ರೋಜಾದಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯುವುದಿಲ್ಲವೆಂದು ಉಲಮಾಗಳು ಹೇಳುತ್ತಾರೆ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಬಂದರೆ ಮಗ್ರಿಬ್‌ಗೆ ಹತ್ತೇ ನಿಮಿಷವಿದ್ದರೂ ರೋಜಾ ಬಿಡಬೇಕು. ಬಂದ ಅಂಕಿಯನ್ನು ಹೊತ್ತಿನ ಸಮೇತ ಬರೆದಿಡಿ, ಮುಂದಿನ ವರ್ಷದ ತೀರ್ಮಾನಕ್ಕೆ ಅದೇ ಸಾಕ್ಷಿ.

ಕಾಹ್ನೆಮನ್ ಮತ್ತು ಟ್ವರ್ಸ್‌ಕಿ ಜೋಡಿ ಕಂಡುಹಿಡಿದ ಇನ್ನೊಂದು ಚಾಳಿ: ಸುಲಭವಾಗಿ ನೆನಪಿಗೆ ಬರುವುದೇ ಹೆಚ್ಚಾಗಿ ನಡೆಯುತ್ತದೆ ಎಂದು ಮನಸ್ಸು ಎಣಿಸುತ್ತದೆ. (ಟ್ವರ್ಸ್‌ಕಿ 1996ರಲ್ಲಿ ತೀರಿಕೊಂಡರು. 2002ರಲ್ಲಿ ಕಾಹ್ನೆಮನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.) ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರಿಗೆ 2023ರ ಜುಲೈ ನೆನಪಿದೆ, 15 ಕಿಲೋ ಬಾಕ್ಸು ಎರಡು ಸಾವಿರ ದಾಟಿದ್ದು. ರಸ್ತೆಗೆ ಸುರಿದ ವರ್ಷಗಳು ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಈ ಚಾಳಿಯ ಏಟು ಹೇಗಿರುತ್ತದೆ ಎಂದು ಗೌರಿಬಿದನೂರಿನವರಿಗೆ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಮಕ್ಕಾದಿಂದ ಹಿಂತಿರುಗಿದ ಕೆಲವರಲ್ಲಿ ಕೊರೋನಾ ಕಂಡಾಗ ಟಿವಿಯಲ್ಲಿ ಊರಿನ ಹೆಸರು ದಿನವೂ ಬಂತು. ಆ ಹೆಸರು ಕೇಳಿದ ಕೂಡಲೇ ಹಿಂದೆ ಸರಿಯುವವರಿದ್ದರು. ಊರಿನ ಸಾವಿರಾರು ಮನೆಗಳಲ್ಲಿ ಕಾಯಿಲೆಯೇ ಇರಲಿಲ್ಲ ಎಂಬುದು ಸುದ್ದಿಯಾಗುವುದು ಹೇಗೆ? ಆದರೆ 2021ರಲ್ಲಿ ಲಸಿಕೆ ಬಂದಾಗ ನಾವೂ ಹಾಗೆಯೇ ಯೋಚಿಸಿದೆವು. ಚುಚ್ಚಿಸಿಕೊಂಡ ಮರುದಿನ ಯಾರೋ ತೀರಿಕೊಂಡರೆಂಬ ಒಂದು ವಾಟ್ಸಾಪ್ ಸಂದೇಶ, ಚುಚ್ಚಿಸಿಕೊಂಡು ಸುಮ್ಮನೆ ಕೆಲಸಕ್ಕೆ ಹೋದ ನೂರಾರು ನೆರೆಹೊರೆಯವರಿಗಿಂತ ಭಾರವಾಯಿತು. ಮಕ್ಕಳ ಲಸಿಕೆಯ ವಿಷಯದಲ್ಲಿ ಈ ತೂಕ ಇಂದಿಗೂ ಕೆಲವು ಮನೆಗಳಲ್ಲಿ ನಡೆಯುತ್ತಿದೆ.

ಮನೆಗೊಂದು ಪುಸ್ತಕ ಮಾಡಿ ಎನ್ನುವುದು ಇದಕ್ಕೇ. ನೂರು ಪುಟದ ನೋಟ್‌ಬುಕ್ ಸಾಕು, ಒಬ್ಬೊಬ್ಬರಿಗೆ ಕೆಲವು ಹಾಳೆ. ಕಾಯಿಲೆ ಶುರುವಾದ ತಾರೀಖು, ಔಷಧಿಯ ಹೆಸರು ಪೊಟ್ಟಣದಲ್ಲಿರುವಂತೆ, ಶುರುಮಾಡಿದ ದಿನ, ನಿಲ್ಲಿಸಿದ ದಿನ, ನಿಲ್ಲಿಸಿದ್ದೇಕೆ. ಬಿ.ಪಿ., ಸಕ್ಕರೆ ಇದ್ದವರಿಗೆ ಅಂಕಿಗಳು. ನೋವು, ಉಬ್ಬಸ ಇದ್ದವರು ದಿನಾ ಇಶಾ ನಂತರ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಹಾಕಿ, ನೋವಿಲ್ಲದ ದಿನವೂ ಸೊನ್ನೆ ಎಂದು ಹಾಕಲೇಬೇಕು. ಆ ಸೊನ್ನೆಗಳನ್ನೇ ನೆನಪು ನುಂಗುವುದು. ಕನ್ನಡವೋ ಉರ್ದುವೋ, ಬರೆಯುವವರಿಗೆ ಯಾವುದು ಬರುತ್ತದೋ ಅದರಲ್ಲಿ ಬರೆಯಲಿ. ಹತ್ತನೆಯ ತರಗತಿ ಓದುವ ಹೆಣ್ಣುಮಗಳಿದ್ದರೆ ಈ ಕೆಲಸ ಅವಳಿಗೆ ಕೊಡಿ. ಬಿ.ಪಿ. ಮಾತ್ರೆ "ಈಗ ಚೆನ್ನಾಗಿದೆ" ಎಂದು ನಿಲ್ಲಿಸುವ ಮುಂಚೆ ಆ ಹಾಳೆ ತೋರಿಸಿ ಕೇಳಿ. ಚೆನ್ನಾಗಿರುವುದು ಮಾತ್ರೆಯಿಂದಲೇ ಇರಬಹುದು.

ಕೊನೆಯದಾಗಿ ಆಪರೇಷನ್ನಿನಂಥ ದೊಡ್ಡ ತೀರ್ಮಾನ. 1982ರಲ್ಲಿ ಪ್ರಕಟವಾದ ಬಾರ್ಬರಾ ಮ್ಯಾಕ್‌ನೀಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ನೋ ವಿಕಿರಣವೋ ಎಂದು ವೈದ್ಯರನ್ನೇ ಕೇಳಲಾಯಿತು. ಆಪರೇಷನ್ ಆದವರಲ್ಲಿ ನೂರಕ್ಕೆ 90 ಮಂದಿ ಮೊದಲ ತಿಂಗಳು ಬದುಕಿರುತ್ತಾರೆ ಎಂದಾಗ ನೂರಕ್ಕೆ 84 ವೈದ್ಯರು ಆಪರೇಷನ್ ಎಂದರು. ನೂರಕ್ಕೆ 10 ಮಂದಿ ಮೊದಲ ತಿಂಗಳಲ್ಲಿ ತೀರಿಕೊಳ್ಳುತ್ತಾರೆ ಎಂದಾಗ ಅರ್ಧದಷ್ಟು ವೈದ್ಯರು ವಿಕಿರಣದ ಕಡೆ ಹೋದರು. ಎರಡೂ ಒಂದೇ ಲೆಕ್ಕ. ಓದಿದ ವೈದ್ಯರೇ ಮಾತಿನ ಹೊರಳಿಗೆ ಸಿಕ್ಕುವಾಗ, ಆಸ್ಪತ್ರೆಯ ವರಾಂಡದಲ್ಲಿ ನಿಂತ ನಮ್ಮ ಮಕ್ಕಳು ಸಿಕ್ಕುವುದರಲ್ಲಿ ಆಶ್ಚರ್ಯವೇನು? ಆದ್ದರಿಂದ ಎರಡೂ ಕಡೆಯಿಂದ ಕೇಳಿ. "ಡಾಕ್ಟರೇ, ಈ ವಯಸ್ಸಿನ, ಇದೇ ಕಾಯಿಲೆಯ ನೂರು ಜನಕ್ಕೆ ಇದನ್ನು ಮಾಡಿದರೆ ಎಷ್ಟು ಜನಕ್ಕೆ ಗುಣವಾಗುತ್ತೆ, ಎಷ್ಟು ಜನಕ್ಕೆ ತೊಂದರೆಯಾಗುತ್ತೆ? ಮಾಡದೇ ಇದ್ದರೆ ನೂರರಲ್ಲಿ ಎಷ್ಟು?" ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ರೋಗಿ ಮನೆಯ ಹೆಂಗಸಾಗಿದ್ದರೆ ಗಂಡಸರು ಹೊರಗೆ ತೀರ್ಮಾನ ಮಾಡಿ ಒಳಗೆ ಹೋಗಿ ತಿಳಿಸುವುದು ನಮ್ಮಲ್ಲಿ ಬಹಳ. ಅವರನ್ನೂ ಕೂರಿಸಿಕೊಂಡು, ಈ ಪ್ರಶ್ನೆಗಳನ್ನು ಅವರ ಬಾಯಿಂದಲೇ ಕೇಳಿಸಿ.